ಗಾಜಿನ ಈಚೆ ನಿಂತ ಗನ್ ಮೇಷ್ಟ್ರು

ಅವರನ್ನು ಎಲ್ಲರೂ ಗನ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೊಸ ಗಿರಾಕಿಗಳು ಆ ಹೆಸರು ಕೇಳಿ ಒಂದು ಹೆಜ್ಜೆ ಹಿಂದೆ ಸರಿದದ್ದೂ ಉಂಟು. ಬಂದೂಕಿಗೂ ಅವರಿಗೂ ಯಾವ ನಂಟೂ ಇರಲಿಲ್ಲ. ಇಪ್ಪತ್ತಾರು ವರ್ಷ ಅವರ ಬಲಗೈಯಲ್ಲಿದ್ದದ್ದು ಕಾರಿಗೆ ಬಣ್ಣ ಹೊಡೆಯುವ ಸ್ಪ್ರೇ ಗನ್ನು. ನೆಗ್ಗಿದ ಬಾಗಿಲು, ಗೀರು ಬಿದ್ದ ಬಾನೆಟ್ಟು ಅವರ ಕೈ ದಾಟಿ ಬಂದರೆ, ಏಟು ಬಿದ್ದದ್ದು ಎಲ್ಲಿ ಎಂದು ಕಾರಿನವನೇ ಬಗ್ಗಿ ಹುಡುಕಬೇಕಾಗುತ್ತಿತ್ತು.

ಎರಡು ವರ್ಷದ ಹಿಂದೆ ಕೆಮ್ಮು ಶುರುವಾಯಿತು. ಮೊದಲು ಧೂಳು ಅಂದುಕೊಂಡರು, ಆಮೇಲೆ ಶೀತ ಅಂದುಕೊಂಡರು. ಒಂದು ಮಧ್ಯಾಹ್ನ ಬಣ್ಣದ ಕೋಣೆಯಿಂದ ಹೊರಬಂದವರು ಗೋಡೆ ಹಿಡಿದು ಕೂತೇಬಿಟ್ಟರು. ಎದೆಯೊಳಗೆ ಯಾರೋ ಸಿಳ್ಳೆ ಹೊಡೆದಂಥ ಸದ್ದು. ಬಣ್ಣದ ಮೇಲೆ ಹೊಳಪಿಗೆ ಹೊಡೆಯುತ್ತಾರಲ್ಲ, ಆ ಲ್ಯಾಕರ್‌ಗೆ ಬೆರೆಸುವ ಹಾರ್ಡನರ್ ಅವರ ಉಸಿರಿಗೆ ಆಗುವುದಿಲ್ಲ ಎಂದು ಡಾಕ್ಟರು ಪತ್ತೆ ಹಚ್ಚಿದರು.

"ಮಾಸ್ಕ್ ಹಾಕ್ಕೊಂಡು ಕೆಲಸ ಮಾಡಬಹುದಾ ಡಾಕ್ಟ್ರೇ?"

"ಇಷ್ಟು ವರ್ಷ ಹಾಕ್ಕೊಳ್ತಿದ್ರಾ?"

ಮೇಷ್ಟ್ರು ನೆಲ ನೋಡಿದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಉತ್ತರ ಕೊಟ್ಟರು. "ಹಾಕ್ಕೊಳ್ತಿದ್ರು ಡಾಕ್ಟ್ರೇ. ಗಡ್ಡಕ್ಕೆ."

"ಇನ್ನು ಮೂಗಿಗೆ ಹಾಕ್ಕೊಂಡ್ರೂ ಬೇಡ. ಒಂದು ಸಲ ಒಗ್ಗದೆ ಹೋದ್ಮೇಲೆ ಅದರ ಗಾಳಿ ಸೋಕಿದ್ರೂ ಸಾಕು," ಎಂದರು ಡಾಕ್ಟರು.

ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅಂಥ ಮಾತಿನ ತೂಕ ಅವರಿಗೆ ಗೊತ್ತು. ಆ ಸಂಜೆಯೇ ಗಂಡನ ಬಣ್ಣ ಮೆತ್ತಿದ ಮೇಲಂಗಿಗಳನ್ನೆಲ್ಲ ಮನೆಯಿಂದಾಚೆ ಹಾಕಿದರು.

ಶೆಡ್ಡಿನ ಮಾಲೀಕರು ಒಳ್ಳೆಯ ಮನುಷ್ಯ. ಇಷ್ಟು ವರ್ಷ ದುಡಿದವರನ್ನು ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಆಗಷ್ಟೇ ಶೆಡ್ಡಿನ ಮುಂಭಾಗದಲ್ಲಿ ಕಾರಿನ ಬಣ್ಣ ಕಾಯುವ ಕೋಟಿಂಗ್ ವ್ಯಾಪಾರ ತೆರೆದಿದ್ದರು. ಒಂದು ಮೇಜು, ಎರಡು ಕುರ್ಚಿ, ಗಿರಾಕಿಗಳಿಗೆ ಒಂದು ಸೋಫಾ. ಅಲ್ಲಿ ಕೂತು ಮಾರಾಟ ನೋಡಿಕೊಳ್ಳಿ ಎಂದರು. ಮೇಷ್ಟ್ರು ಒಪ್ಪಿಕೊಂಡರು. ಅಡುಗೆ ಬಲ್ಲವನನ್ನು ಕರೆದು ಎಲೆ ಎತ್ತಲು ನಿಲ್ಲಿಸಿದ ಹಾಗಾಯಿತು ಎಂದು ಮನೆಯಲ್ಲಿ ಒಂದೇ ಒಂದು ಸಲ ಅಂದರು, ಮತ್ತೆ ಅನ್ನಲಿಲ್ಲ.

ಮೇಜಿನ ಹಿಂದೆ ದೊಡ್ಡ ಗಾಜಿನ ಗೋಡೆ. ಅದರಾಚೆ ಬಣ್ಣದ ಕೋಣೆ.

ಕೋಟಿಂಗ್ ಕಂಪನಿಯವನು ಬಂದು ಹೇಳಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿಸಿದ. ವಜ್ರದಂಥ ಕವಚ, ಐದು ವರ್ಷ ಹೊಸ ಕಾರಿನ ಹೊಳಪು, ಹೀಗೆ. ಮೊದಲ ತಿಂಗಳು ಮೇಷ್ಟ್ರು ಅದನ್ನೇ ಒಪ್ಪಿಸಿದರು, ಒಂದು ಕಾರೂ ಸಿಗಲಿಲ್ಲ. ಆಮೇಲೆ ತಮಗೆ ತೋಚಿದಂತೆ ಮಾತಾಡತೊಡಗಿದರು. ಅರ್ಧಕ್ಕೆ ಮಾತ್ರ ಕೋಟಿಂಗ್ ಹಚ್ಚಿದ ಹಳೆಯ ಬಾನೆಟ್ಟೊಂದನ್ನು ಸ್ಟ್ಯಾಂಡಿನ ಮೇಲಿಟ್ಟುಕೊಂಡು ಅದರ ಮೇಲೆ ಚೊಂಬಿನಿಂದ ನೀರು ಸುರಿಯುತ್ತಿದ್ದರು. ಒಂದು ಕಡೆ ನೀರು ಹರಡಿಕೊಂಡು ಬಿದ್ದಿರುತ್ತಿತ್ತು, ಇನ್ನೊಂದು ಕಡೆ ಮಣಿ ಮಣಿಯಾಗಿ ಉರುಳಿ ಹೋಗುತ್ತಿತ್ತು.

"ಕಲ್ಲು ಬಿದ್ರೆ ಇದು ತಡೆಯಲ್ಲ ಸಾರ್. ಗೋಡೆಗೆ ಉಜ್ಜಿದ್ರೆ ಗೀರು ಬೀಳುತ್ತೆ. ಬಿಸಿಲು, ಕೊಳೆ, ಹಕ್ಕಿ ಹಿಕ್ಕೆ, ಇವಿಷ್ಟು ತಡೆಯುತ್ತೆ. ತೊಳೆಯೋ ಕೆಲಸ ಅರ್ಧಕ್ಕೆ ಇಳಿಯುತ್ತೆ. ತೊಳೆಯೋದೇ ಬೇಡ ಅಂತ ಯಾರಾದ್ರೂ ಹೇಳಿದ್ರೆ ಅವರ ಹತ್ರ ಹೋಗಬೇಡಿ."

ಜನಕ್ಕೆ ಇದು ಹಿಡಿಸಿತು. ವ್ಯಾಪಾರ ಕುದುರಿತು. ಆದರೆ ಗಾಜಿನಾಚೆ ಕಂಪ್ರೆಸರ್ ಗುಡುಗಿ ಗನ್ನು ಸುಯ್ ಎಂದಾಗಲೆಲ್ಲ ಮೇಷ್ಟ್ರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಾಗಲೂ ಬಲಗೈಯ ತೋರುಬೆರಳು ತಾನಾಗಿಯೇ ಮಡಚಿ ಬಿಚ್ಚುತ್ತಿತ್ತು. ಹೆಂಡತಿ ಅದನ್ನು ನೋಡಿ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದರು.

ಅವರ ಜಾಗಕ್ಕೆ ಬಂದವಳು ಮೂವತ್ತೈದರ ಹೆಂಗಸು, ಎರಡು ಮಕ್ಕಳ ತಾಯಿ. ದೊಡ್ಡ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಬಂದಿದ್ದಳು. ಕೈ ಚೊಕ್ಕ, ಮಾಸ್ಕ್ ಯಾವಾಗಲೂ ಮೂಗಿನ ಮೇಲೆಯೇ. ಅವಳ ಕೆಲಸದಲ್ಲಿ ತಪ್ಪು ಹುಡುಕಲು ಮೇಷ್ಟ್ರು ಆರು ತಿಂಗಳು ಒದ್ದಾಡಿ ಸೋತರು.

ಹೀಗಿರುವಾಗ ಒಂದು ದಿನ ಟೈಲರ್ ಹೆಂಗಸೊಬ್ಬರು ತಮ್ಮ ಕಡುಹಸಿರು ಕಾರು ತಂದು ನಿಲ್ಲಿಸಿದರು. ಹದಿನಾರು ವರ್ಷದ ಗಾಡಿ. ಹಿಂದಿನ ಸೀಟಿನ ತುಂಬ ಬಟ್ಟೆ ಗಂಟು.

"ಇದಕ್ಕೆ ಕೋಟಿಂಗ್ ಮಾಡ್ತೀರಾ? ಮುದಿ ಕಾರಿಗೆ ಶೃಂಗಾರ ಯಾಕೆ ಅಂತ ನನ್ನ ತಮ್ಮ ನಗ್ತಾನೆ. ನಗಲಿ. ನಾನು ಗಾಡಿ ಓಡಿಸೋದು ಕಲಿತದ್ದೇ ಇದರಲ್ಲಿ, ಐವತ್ತು ತುಂಬಿದ ಮೇಲೆ. ನಾನಿರೋವರೆಗೂ ಇದಿರಬೇಕು."

ಮೇಷ್ಟ್ರು ಕಾರಿನ ಸುತ್ತ ಒಂದು ಸುತ್ತು ಬಂದರು. ಎಡಬಾಗಿಲ ಹತ್ತಿರ ನಿಂತವರು ಅಲ್ಲೇ ನಿಂತರು. ಹಿಡಿಕೆಯ ಕೆಳಗೆ, ಲ್ಯಾಕರ್ ಪದರದೊಳಗೆ, ಕೂದಲಷ್ಟು ಸಣ್ಣ ನೂಲೊಂದು ಸಿಕ್ಕಿಕೊಂಡಿತ್ತು. ಒಂಬತ್ತು ವರ್ಷದ ಹಿಂದೆ ಅವರದೇ ಅಂಗಿಯ ತೋಳಿನಿಂದ ಬಿದ್ದ ನೂಲು. ಆಗ ಆಕೆಯ ತಮ್ಮ ತಂದುಬಿಟ್ಟಾಗ ಈ ಕಾರಿನ ಎಡಭಾಗ ಪೂರ್ತಿ ನಜ್ಜುಗುಜ್ಜಾಗಿತ್ತು. ಮಾಸಿದ ಹಸಿರಿಗೆ ಹೊಂದುವ ಬಣ್ಣವನ್ನು ಮೂರು ದಿನ ಕೂತು ಕಣ್ಣಳತೆಯಲ್ಲೇ ಕಲಸಿದ್ದರು. ನೂಲು ಕಂಡಾಗ ಲ್ಯಾಕರ್ ಒಣಗಿಬಿಟ್ಟಿತ್ತು.

"ಅದು ಹತ್ತಿ ನೂಲು," ಎಂದರು ಆಕೆ. "ನಾನು ಟೈಲರ್, ನನಗೆ ಗೊತ್ತಾಗಲ್ವಾ? ಬಣ್ಣ ಹೊಡೆದ ಮಹಾರಾಯನ ತೋಳು ಪಿಸಿದಿತ್ತು ಅಂತ ಕಾಣುತ್ತೆ. ಆದರೆ ಹೊಸ ಬಾಗಿಲು ಯಾವುದು, ಹಳೇದು ಯಾವುದು ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ ನೋಡಿ."

ಮೇಷ್ಟ್ರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆ ಮಹಾರಾಯ ನಾನೇ ಎನ್ನಲು ಬಾಯಿ ಬರಲಿಲ್ಲ. ಕಾರಿನ ಬಾನೆಟ್ಟಿನ ಮೇಲೆ ಲ್ಯಾಕರ್ ಪೊರೆ ಬಿಟ್ಟಂತೆ ಎದ್ದಿತ್ತು.

"ಇದರ ಮೇಲೆ ಹಾಗೇ ಕೋಟಿಂಗ್ ಹಾಕಿದ್ರೆ ಪ್ರಯೋಜನ ಇಲ್ಲಮ್ಮ. ಬಾನೆಟ್ಟಿಗೆ ಹೊಸದಾಗಿ ಬಣ್ಣ ಹೊಡೀಬೇಕು. ಅದು ಗಟ್ಟಿಯಾಗೋಕೆ ಒಂದು ತಿಂಗಳು ಬಿಡಬೇಕು. ಆಮೇಲೆ ಕೋಟಿಂಗ್."

"ಆಗಲಿ. ಬಣ್ಣ ಮಾತ್ರ ಇದೇ ಬಣ್ಣ ಇರಬೇಕು."

ಅಲ್ಲೇ ತೊಡಕಾದದ್ದು. ಹೊಸ ಪೇಂಟರ್ ಕಾರಿನ ಮೈಗೆ ಕ್ಯಾಮೆರಾ ಹಿಡಿದು, ಕಂಪ್ಯೂಟರ್ ಹೇಳಿದ ಅಳತೆಯಲ್ಲಿ ಬಣ್ಣ ಕಲಸಿ, ಸಣ್ಣ ತಗಡಿಗೆ ಹೊಡೆದು ನೋಡಿದಳು. ಹೊಂದಲಿಲ್ಲ. ಮೂರನೆಯ ತಗಡೂ ಹೊಂದಲಿಲ್ಲ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನನ್ನ ಕಥೆ," ಎಂದು ತಗಡು ಹಿಡಿದು ಹೊರಬಂದಳು. "ಏನು ಕಡಿಮೆ ಆಗಿದೆ ಮೇಷ್ಟ್ರೇ?"

ಮೇಷ್ಟ್ರು ತಗಡನ್ನು ಬಾಗಿಲಿಗೆ ಹಿಡಿದರು, ಓರೆ ಮಾಡಿದರು, ಬಿಸಿಲಿಗೆ ತಿರುಗಿಸಿದರು. "ಕಂಪ್ಯೂಟರ್‌ನದು ತಪ್ಪಲ್ಲ, ಅದು ಹತ್ತಿರದ್ದು ಹೇಳಿದೆ. ಕಪ್ಪು ಜಾಸ್ತಿಯಾಗಿದೆ. ಹಳದಿ ಬೇಕು. ಕೊಡಿಲ್ಲಿ."

ಬಣ್ಣದಲ್ಲಿ ಹಾರ್ಡನರ್ ಇರುವುದಿಲ್ಲ, ಅದು ಲ್ಯಾಕರ್‌ನಲ್ಲಿ ಮಾತ್ರ. ಅಂಗಳದ ಗಾಳಿಯಲ್ಲಿ ಕೂತರೆ ತೊಂದರೆಯಿಲ್ಲ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಹತ್ತು ಗಂಟೆಗೆ ಕೂತವರು ನಾಲ್ಕು ಗಂಟೆಗೆ ಎದ್ದರು. ನಡುವೆ ಬಂದ ಇಬ್ಬರು ಗಿರಾಕಿಗಳನ್ನು ಮಾಲೀಕರೇ ಮಾತಾಡಿಸಿ ಕಳಿಸಿದರು. ಹನ್ನೊಂದನೆಯ ತಗಡನ್ನು ಬಾಗಿಲಿಗೆ ಹಿಡಿದಾಗ ಅದರ ಅಂಚು ಕಾಣದಾಯಿತು. ಪೇಂಟರ್ ತಗಡನ್ನು ತಾನೂ ಒಮ್ಮೆ ಹಿಡಿದು ನೋಡಿದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮರುದಿನ ಬಾನೆಟ್ಟು ಉಜ್ಜಿ ತಯಾರಾದಾಗ ಮೇಷ್ಟ್ರು ಕೋಣೆಯ ಬಾಗಿಲಿಗೆ ಬಂದರು.

"ಬಣ್ಣ ನಾನು ಹೊಡೀತೀನಿ. ಲ್ಯಾಕರ್ ನೀನು ಹೊಡಿ."

"ಬೇಡ ಮೇಷ್ಟ್ರೇ. ನಿಮ್ಮ ಮನೇಲಿ ಅಕ್ಕನಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ."

"ಒಂದೇ ಒಂದು ಸಲ."

ಅವರ ಮುಖ ನೋಡಿ ಅವಳಿಗೆ ಇಲ್ಲವೆನ್ನಲು ಆಗಲಿಲ್ಲ. ಅರ್ಧ ಗಂಟೆ ಫ್ಯಾನ್ ಓಡಿಸಿ ಕೋಣೆಯ ಗಾಳಿ ತೆಗೆದಳು. ತನ್ನ ಕೈಯಾರೆ ಅವರ ಮಾಸ್ಕಿನ ಪಟ್ಟಿ ಬಿಗಿದಳು.

ಗನ್ನು ಕೈಗೆ ಬಂತು. ಅದರ ಭಾರವನ್ನು ಅಂಗೈ ಮರೆತಿರಲಿಲ್ಲ. ಮೇಷ್ಟ್ರು ಕಾಲು ಅಗಲಿಸಿ ನಿಂತು, ಮೊಳಕೈ ಅಲುಗದಂತೆ, ಬಾನೆಟ್ಟಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಮನೆ ಸಾಗಿದರು. ಮಂಜಿನಂತೆ ಹಸಿರು ಇಳಿಯಿತು. ಎರಡನೆಯ ಪದರ, ಮೂರನೆಯ ಪದರ. ಎರಡು ವರ್ಷದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಏನೋ ಒಂದು ಸಡಿಲವಾಯಿತು. ಕಣ್ಣು ತುಂಬಿ ಬಂದು, ಕೊನೆಯ ಪದರವನ್ನು ಅಂದಾಜಿನಲ್ಲೇ ಮುಗಿಸಿದರು.

ಆಮೇಲೆ ಅವರು ಹೊರಗೆ ಹೋಗಬೇಕಿತ್ತು. ಹೋದರು ಕೂಡ. ಆದರೆ ಲ್ಯಾಕರ್ ಬೀಳುವವರೆಗೆ ಬಣ್ಣ ನಿದ್ದೆಯಲ್ಲಿರುತ್ತದೆ, ಬಿದ್ದ ಕ್ಷಣ ಕಣ್ಣು ಬಿಡುತ್ತದೆ. ಅದನ್ನು ಗಾಜಿನ ಮೂಲಕ ನೋಡಲು ಅವರಿಗೆ ಮನಸ್ಸಾಗಲಿಲ್ಲ. ಮಾಸ್ಕ್ ತೆಗೆದು ಬೆವರು ಒರೆಸಿಕೊಳ್ಳುತ್ತ, ಬಾಗಿಲನ್ನು ಗೇಣಗಲ ತೆರೆದು ಇಣುಕಿದರು. ಹಸಿರು ಕಣ್ಣು ಬಿಟ್ಟದ್ದನ್ನು ನೋಡಿದರು. ಹಿಂದೆಯೇ ಎದೆ ಹಗ್ಗ ಬಿಗಿದಂತೆ ಬಿಗಿಯಿತು. ಪೇಂಟರ್ ಗನ್ನು ಬಿಸಾಕಿ ಓಡಿಬಂದು ಅವರನ್ನು ಅಂಗಳಕ್ಕೆ ಎಳೆದು ತಂದಾಗ ತುಟಿ ನೀಲಿಗಟ್ಟಿತ್ತು.

ಮೂರು ದಿನ ಆಸ್ಪತ್ರೆ. ಹೆಂಡತಿ ಬಯ್ಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ, ಮೂಗಿನ ಕೊಳವೆ ತೆಗೆದ ಮೇಲೆ ಮೇಷ್ಟ್ರೇ ಮಾತೆತ್ತಿದರು.

"ಬಣ್ಣ ಚೆನ್ನಾಗಿ ಕೂತಿತ್ತು ಕಣೇ."

"ಗೊತ್ತು. ಅವಳು ಅಳ್ತಾ ಹೇಳಿದ್ಲು."

ಕಿಟಕಿಯಾಚೆ ಯಾರೋ ಅಂಗಳ ತೊಳೆಯುತ್ತಿದ್ದರು. ಹೆಂಡತಿ ಆ ನೀರನ್ನೇ ನೋಡುತ್ತಿದ್ದರು.

"ನಾನು ಈಜ್ತಿದ್ದೆ, ಗೊತ್ತಾ ನಿಮಗೆ? ಹದಿನಾರು ವರ್ಷದವರೆಗೂ. ಶಾಲೆಯಲ್ಲಿ ನನ್ನ ಹಿಂದೆ ಹಾಕೋರು ಯಾರೂ ಇರಲಿಲ್ಲ. ಆಮೇಲೆ ಅಪ್ಪ ಬೇಡ ಅಂದ್ರು, ಬಿಟ್ಟೆ. ಈಗಲೂ ನಿಂತ ನೀರು ಕಂಡ್ರೆ ಭುಜ ಎಳೆಯುತ್ತೆ ರೀ."

ಇಪ್ಪತ್ತನಾಲ್ಕು ವರ್ಷದ ಸಂಸಾರ. ಮೇಷ್ಟ್ರಿಗೆ ಇದು ಗೊತ್ತೇ ಇರಲಿಲ್ಲ.

"ಯಾವತ್ತೂ ಹೇಳಲೇ ಇಲ್ಲ ನೀನು."

"ಹೇಳಿ ಏನು ಮಾಡೋದು? ಬಿಟ್ಟದ್ದಕ್ಕೆ ಯಾರೂ ಸಾಯಲ್ಲ. ಮರೆಯೋದೂ ಇಲ್ಲ, ಅದು ಬೇರೆ ಮಾತು. ನೀವು ಮರೀಬೇಡಿ. ಆದ್ರೆ ನನಗೆ ನೀವು ಬೇಕು." ಇಷ್ಟು ಹೇಳಿ ಅವರು ಮುಖ ತಿರುಗಿಸಿಕೊಂಡರು. ಮೇಷ್ಟ್ರು ಅವರ ಕೈ ಹಿಡಿದರು.

ಒಂದು ತಿಂಗಳ ಮೇಲೆ ಹಸಿರು ಕಾರು ಕೋಟಿಂಗ್‌ಗೆ ಬಂತು. ಕೆಲಸದವರು ಅದನ್ನು ತೊಳೆದು, ಪಾಲಿಶ್ ಹಿಡಿದು, ಸ್ಪಂಜಿನಿಂದ ಕೋಟಿಂಗ್ ದ್ರವವನ್ನು ಹನಿಹನಿಯಾಗಿ ಹಚ್ಚಿ, ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಮಿರುಗು ಮೂಡುತ್ತಲೇ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರು. ಮೇಷ್ಟ್ರು ದೂರ ಕುರ್ಚಿ ಹಾಕಿಕೊಂಡು ನೋಡಿದರು. ಟೈಲರಮ್ಮ ಬಂದು ಕಾರಿನ ಸುತ್ತ ಎರಡು ಸಲ ತಿರುಗಿದರು. ಬಾನೆಟ್ಟಿನ ಹತ್ತಿರ ಕಣ್ಣು ಕಿರಿದು ಮಾಡಿ ನೋಡಿದರು.

"ಯಾರು ಮಾಡಿದ್ದು ಇದನ್ನ?"

"ಅವಳು," ಎಂದು ಮೇಷ್ಟ್ರು ಪೇಂಟರ್ ಕಡೆ ತೋರಿಸಿದರು.

"ಲ್ಯಾಕರ್ ಮಾತ್ರ ನಂದು. ಬಣ್ಣ ಮೇಷ್ಟ್ರದ್ದು. ಆ ಎಡಬಾಗಿಲೂ ಅವರದ್ದೇ, ಒಂಬತ್ತು ವರ್ಷದ ಹಿಂದಿಂದು," ಎಂದಳು ಅವಳು. ಮೇಷ್ಟ್ರು ಆಸ್ಪತ್ರೆಯಲ್ಲಿದ್ದಾಗ ಮಾಲೀಕರು ಹಳೆಯ ಕಡತ ತೆಗೆದು ಅವಳಿಗೆ ತೋರಿಸಿದ್ದರು.

ಟೈಲರಮ್ಮ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮ ಶರ್ಟು ಕೊಡಿ, ತೋಳು ಹೊಲಿದು ಕೊಡ್ತೀನಿ," ಎಂದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಕಾರು ಗೇಟು ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದರು.

ಈಗಲೂ ಅವರು ಕೋಟಿಂಗನ್ನೇ ಮಾರುತ್ತಾರೆ. ಕಷ್ಟದ ಬಣ್ಣವೇನಾದರೂ ಬಂದರೆ ಪೇಂಟರ್ ತಗಡು ಹಿಡಿದು ಅಂಗಳಕ್ಕೆ ಬರುತ್ತಾಳೆ, ಅವರು ನೋಡಿ ಹೇಳುತ್ತಾರೆ. ಹಸಿದವನಿಗೆ ಒಗ್ಗರಣೆಯ ವಾಸನೆ ಸಿಕ್ಕ ಹಾಗೆ ಅದು. ಕೋಣೆಯ ಬಾಗಿಲ ಹತ್ತಿರ ಮಾತ್ರ ಸುಳಿಯುವುದಿಲ್ಲ.

ಸಂಜೆ ಹೆಂಡತಿ ಅಂಗಡಿಯಿಂದ ಬಂದು, ಚಪ್ಪಲಿ ಬಿಡುತ್ತ ಕೇಳುತ್ತಾರೆ. "ಇವತ್ತು ಯಾವ ಬಣ್ಣ?"

"ಬೂದಿ."

"ಬರೀ ಬೂದೀನಾ?"

"ಬರೀ ಬೂದಿ ಎಲ್ಲಿರುತ್ತೆ? ಒಳಗೊಂದು ಚೂರು ನೀಲಿ ಇತ್ತು. ಬಾ, ಕೂತ್ಕೋ, ಹೇಳ್ತೀನಿ."