ಚಿಗವ್ವನ ಮೆಗ್ನೀಷಿಯಂ

ಜಮಖಂಡಿಯಲ್ಲಿ ನನ್ನ ಜೊತೆ ಕಲಿಸುವ ಟೀಚರೊಬ್ಬರಿಗೆ ಕ್ಯಾನ್ಸರಿನ ಕಿಮೊ ನಡೆದಿದೆ. ಮೊನ್ನೆ ನೋಡಲು ಹೋದಾಗ ಕೋಣೆಯ ತುಂಬ ನೀಲಗಿರಿ ಎಣ್ಣೆಯ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನಗೆ ಫಕ್ಕನೆ ನಗು ಬಂತು. ರೋಗಿಯ ಮನೆಯಲ್ಲಿ ನಗುವವರುಂಟೆ? ನೀವೂ ಹುಬ್ಬು ಗಂಟಿಕ್ಕಬೇಡಿ. ಟೀಚರು ಗಂಟಿಕ್ಕಿದ್ದು ಸಾಕು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬನಹಟ್ಟಿಯ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಮನೆಯಲ್ಲೇ ಸೀರೆ ನೇಯುವವಳು. ಮಗ್ಗದ ಸದ್ದಿನ ನಡುವೆ ಮಾತಾಡಿ ರೂಢಿಯಾಗಿ, ಅವಳು ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತಿತ್ತು. ಅಂಥವಳು ಕಿಮೊ ಶುರುವಾದ ಮೇಲೆ ಮೆತ್ತಗಾದಳು. ವಾಂತಿಯನ್ನು ಹೇಗೋ ತಡೆದುಕೊಂಡಳು; ಕಾಲಿನದು ಮಾತ್ರ ತಡೆಯಲಾಗಲಿಲ್ಲ. ಮೀನಖಂಡ ಕಲ್ಲಾಗುವುದು, ಬೆರಳುಗಳು ಒಂದರ ಮೇಲೊಂದು ಏರಿ ಸೆಟೆಯುವುದು. ನಾನು ನೀಲಗಿರಿ ಎಣ್ಣೆ ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ನುಣ್ಣಗಾದದ್ದು ನನ್ನ ಕೈ ಅಷ್ಟೆ.

ಕಡೆಗೊಂದು ದಿನ ಗೋಡೆಗೆ ಮುಖ ಮಾಡಿ ಮಲಗಿ, "ಇನ್ನ ನಾ ದವಾಖಾನಿಗಿ ಬರಂಗಿಲ್ಲ ಬೇ. ಬ್ಯಾನಿಗಿಂತ ಔಷಧಾನ ನನ್ನ ತಿನ್ನಾಕತ್ತೈತಿ" ಎಂದಳು.

ನಾನು ಎಣ್ಣೆಯ ಬಾಟಲಿ ಕೆಳಗಿಟ್ಟೆ. "ಕಾಲಿನ ಸುದ್ದಿ ಡಾಕ್ಟರಿಗೆ ಹೇಳೀಯೇನು?"

"ಇಷ್ಟ ದೊಡ್ಡ ಬ್ಯಾನ್ಯಾಗ ಕಾಲ ಹಿಡಿಯೂದೇನ ಹೇಳೂದು?"

ಕಾಲಿಗೆ ಬಿದ್ದು ಅವಳನ್ನು ಕಾರು ಹತ್ತಿಸಿದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಮ್ಯಾಗ್ನೇಸಿಯಂ ಭಾಳ ಕಡಿಮಿ ಆಗೇತ್ರಿ" ಅಂದರು.

ಚಿಗವ್ವ ಎದ್ದು ಕೂತಳು. "ಖರೇನ್ರಿ ಸಾಹೇಬ್ರ, ಮಗ್ಗ ನೇಯೂದು ಕಡಿಮಿ ಆಗಿ ಭಾಳ ದಿನಾ ಆತು. ರಗತದಾಗ ಅದೂ ಗೊತ್ತಾಕ್ಕೈತೇನ್ರಿ?"

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಬಿಡಿಸಿ ಹೇಳಿದರು: ಅವಳಿಗೆ ಕೊಡುತ್ತಿದ್ದ ಔಷಧದಿಂದ ಈ ಖನಿಜ ಮೂತ್ರದಲ್ಲಿ ಸೋರಿ ಹೋಗುತ್ತದಂತೆ. ಅದಕ್ಕೇ ಮೊದಲು ಸಲಾಯಿನ್‌ನಲ್ಲಿ ಅದನ್ನೇ ಬೆರೆಸಿ ಏರಿಸಿದರು, ಆಮೇಲೆ ಗುಳಿಗೆ. "ರಗತ, ಕಿಡ್ನಿ ನೋಡೇ ಕೊಡತೇವ್ರಿ. ತಾವ ಅಂಗಡ್ಯಾಗ ಕೊಂಡು ನುಂಗಬ್ಯಾಡ್ರಿ."

ಎಲ್ಲವೂ ಸರಿಹೋಯಿತೆನ್ನಲಾರೆ. ವಾಂತಿ ಹಾಗೇ ಇತ್ತು, ಕೈಬೆರಳ ಜುಮುಜುಮು ಉಳಿಯಿತು. ಗುಳಿಗೆಯಿಂದ ಹೊಟ್ಟೆ ಕೆಟ್ಟು, ಪ್ರಮಾಣ ಇಳಿಸಬೇಕಾಯಿತು. ಆದರೆ ಕಾಲು ಸಡಿಲವಾಯಿತು. ಮುಂದಿನ ಕಿಮೊಗೆ ಹೊರಟವಳು ಮುಧೋಳದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ತಾನೇ ಕಾರಿಳಿದು, ಸೆರಗು ಬಿಗಿದು, ನನ್ನ ಎರಡೂ ಕೈ ಹಿಡಿದಳು.

"ಬಾ ಬೇ, ಫುಗಡಿ ಆಡೂನು!"

"ಚಿಗವ್ವ, ಮಂದಿ ನೋಡತಾರ!"

"ನೋಡ್ಲಿ. ಮಂದಿ ಕಾಲೇನ ಬಾಡಿಗಿ ತಂದೇನು?"

ಕೈಗೆ ಕೈ ಹೆಣೆದು ಗರಗರನೆ ಸುತ್ತಿದಳು ನೋಡಿ! ತಲೆಯ ಸ್ಕಾರ್ಫು ಹಾರಿ ಚಹಾದವನ ಮೇಲೆ ಬಿತ್ತು. ಬೋಳು ತಲೆ ಬಿಸಿಲಿಗೆ ಮಿಂಚುತ್ತಿತ್ತು, ಅವಳು ಕೇಕೆ ಹಾಕುತ್ತಿದ್ದಳು. ಗಟ್ಟಿಮುಟ್ಟಾದ ನಾನು ತಲೆ ತಿರುಗಿ ಮಣ್ಣಲ್ಲಿ ಕೂತೆ. "ನಿನಗೇನ ಕಡಿಮಿ ಆಗೇತಿ ಬೇ? ನೀನೂ ರಗತ ತೋರಸು" ಎಂದಳು. ಚಿಕಿತ್ಸೆ ಪೂರ್ತಿ ಮುಗಿಸಿ ಈಗ ಮತ್ತೆ ನೇಯುತ್ತಿದ್ದಾಳೆ.

ಕೇಳಿ ಟೀಚರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಾಗಿಲ ಕಡೆ ನೋಡಿ, ಮೆಲ್ಲಗೆ ಕಾಲ ಮೇಲಿನ ಚಾದರ ಸರಿಸಿದರು.

"ನನ್ನ ಬೆರಳೂ ಹಂಗ ಸೆಟಿತಾವ್ರಿ. ಮನ್ಯಾಗ ಮೊಣಕಾಲು ನೋವು ಅಂತ ಹೇಳೇನಿ."

ಹಿಂದಾಗಿದ್ದರೆ 'ಧೈರ್ಯ ತಗೋರಿ' ಎಂದು ಎದ್ದು ಬರುತ್ತಿದ್ದೆ. ಈಗ ಅವರದೇ ಫೋನು ತೆಗೆದು, ಅವರ ಡಾಕ್ಟರಿಗೆ ಹಚ್ಚಿ, ಕೈಗಿಟ್ಟೆ. ಆ ಕಡೆಯಿಂದ ಡಾಕ್ಟರು "ಏನಾತ್ರಿ?" ಅಂದರು. "ಕಾಲ್ರಿ..." ಎನ್ನುವಷ್ಟರಲ್ಲಿ ಟೀಚರಿಗೆ ಚಿಗವ್ವನ ಮಗ್ಗ ನೆನಪಾಗಿ ಮತ್ತೆ ನಗು ಒತ್ತರಿಸಿ ಬಂತು.