ಉಪ್ಪು ತಾಗಿದ ಸುಣ್ಣ

ಮೊನ್ನೆ ಹೊಳೆಬದಿಯ ಹಳೆ ಗುಡಿಯ ಮುಂದೆ ಹಾದು ಬರುವಾಗ, ನೀರು ಬಿದ್ದು ಅರಳುತ್ತಿದ್ದ ಚಿಪ್ಪುಸುಣ್ಣದ ಬಿಸಿ ವಾಸನೆ ಮೂಗಿಗೆ ಬಡಿಯಿತು. ಗುಡಿಯ ಸುತ್ತಿನ ಪೌಳಿಯ ಕೆಂಪು ಮುರಕಲ್ಲಿನ ಗೋಡೆಗೆ ಹಿಂದೆ ಮೆತ್ತಿದ್ದ ಸಿಮೆಂಟು ಕೆತ್ತಿ ತೆಗೆದು, ಈಗ ಮತ್ತೆ ಸುಣ್ಣದ ಗಾರೆ ಹಾಕುತ್ತಿದ್ದಾರೆ. ಪಕ್ಕದ ಮನೆಯ ಚಿಕ್ಕಮ್ಮ ನೆನಪಾಗಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಸ್ವಂತ ಚಿಕ್ಕಮ್ಮ ಅಲ್ಲ, ಕರೆದು ಕರೆದು ಆದ ಸಂಬಂಧ. ಅವರ ಗಂಡ ಗಾರೆ ಕೆಲಸದವರು. ಇದೇ ಪೌಳಿಗೆಂದು ಹಂಗಾರಕಟ್ಟೆಯ ಚಿಪ್ಪು ತರಿಸಿ ಸುಟ್ಟು, ಹಿತ್ತಲ ಗುಂಡಿಯಲ್ಲಿ ಸುಣ್ಣ ನೆನೆಹಾಕಿದವರು, ಕೆಲಸ ಶುರುವಾಗುವ ಮೊದಲೇ ತೀರಿಕೊಂಡರು. ಕೆಲಸವೂ ನಿಂತಿತು. ನೀರಿನಡಿ ಇದ್ದರೆ ಸುಣ್ಣ ಕೆಡುವುದಿಲ್ಲ, ಹಳತಾದಷ್ಟೂ ಬೆಣ್ಣೆಯಾಗುತ್ತದೆ. ಚಿಕ್ಕಮ್ಮ ವರ್ಷಗಟ್ಟಲೆ ನಳ್ಳಿಯ ಸಿಹಿನೀರು ತಂದು ಹೊಯ್ದರು. ಗಂಡನ ಕೈಯ ಸುಣ್ಣ ಆ ಗೋಡೆಗೇ ಏರಬೇಕು, ಅದೊಂದೇ ಹಟ. ತಮ್ಮ ಎಲೆಯಡಿಕೆಗೆ ಮಾತ್ರ ಅದರಿಂದ ಒಂದು ಬೆರಳು...

ಕೊನೆಗೂ ಗುಡಿಯವರು ಒಪ್ಪಿದರು. ಹಾಳಾದ್ದು, ಆ ಬೇಸಿಗೆಯಲ್ಲೇ ಚಿಕ್ಕಮ್ಮ ಆಸ್ಪತ್ರೆ ಸೇರಬೇಕೆ? ಗುಂಡಿ ಒಣಗಬಾರದೆಂದು ನನ್ನ ಅಮ್ಮ ದಿನಾ ನಮ್ಮ ಬಾವಿಯಿಂದ ಕೊಡಪಾನ ಹೊತ್ತು ಹೊಯ್ದಳು. ಬೇಸಿಗೆಯಲ್ಲಿ ಹೊಳೆಗೆ ಕಡಲ ನೀರು ನುಗ್ಗಿ ಆ ಬಾವಿಗೂ ಉಪ್ಪು ಏರುತ್ತದೆ. ಕುಡಿಯುವುದಕ್ಕಲ್ಲವಲ್ಲ, ಏನಾಗುತ್ತದೆ ಅಂದುಕೊಂಡಳು.

ಮನೆಗೆ ಬಂದ ದಿನ ಚಿಕ್ಕಮ್ಮ ವೀಳ್ಯದೆಲೆಗೆ ಆ ಸುಣ್ಣ ಹಚ್ಚಿ ಬಾಯಿಗಿಟ್ಟರು. ಅಗಿಯುತ್ತಿದ್ದ ಬಾಯಿ ನಿಂತಿತು. ಉಪ್ಪು ಸೇರಿದ ಗಾರೆ ಗೋಡೆಯಲ್ಲಿ ನಿಲ್ಲುವುದಿಲ್ಲ, ತೇವ ಎಳೆದು ಉದುರುತ್ತದೆ. ಒಳಗೆ ಅಮ್ಮ ಅವರಿಗೆಂದು ಗಂಜಿ ಬಿಸಿ ಮಾಡುತ್ತಿದ್ದಳು. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು.

"ಅಮ್ಮಂಗ್ ಹೇಳ್ಬೇಡ ಮಗಾ. ಕಾಲ್‌ನೋವ್ ಕಟ್ಕಂಡ್ ಹೊತ್ತದ್, ಪಾಪ."

ಆಸ್ಪತ್ರೆಗೆ ಹೋಗುವ ಮೊದಲೇ ತಾನು ಗುಂಡಿ ಒಣಗಿಸಿ ಸುಣ್ಣ ಹಾಳುಮಾಡಿದ್ದಾಗಿ ಚಿಕ್ಕಮ್ಮ ಗುಡಿಯವರಿಗೆ ಹೇಳಿದರು. ಗುಡಿಯವರು ಗೋಡೆಗೆ ಸಿಮೆಂಟು ಮೆತ್ತಿಸಿದರು. ಅಮ್ಮನಿಗೆ ಸಿಟ್ಟು ಬಂತು, ಹಾಗಾದರೆ ತಾನು ನೀರು ಹೊತ್ತದ್ದೆಲ್ಲ ದಂಡವೇ ಎಂದು ಚಿಕ್ಕಮ್ಮನನ್ನು ಬೈದಳು. ಅವರು ಹೌದೌದು ಎಂದು ತಲೆಯಾಡಿಸಿದರು. ಆಮೇಲೆ ಅವರು ಎಲೆ ಹಾಕುವುದನ್ನೇ ಬಿಟ್ಟರು.

ಈಗ ಇಬ್ಬರೂ ಇಲ್ಲ. ಗಾರೆ ಕಲಸುತ್ತಿದ್ದವನ ಹತ್ತಿರ, ನೀರು ಎಲ್ಲಿಯದು ಎಂದು ಕೇಳಿದೆ. ಸಿಹಿನೀರೇ, ಟ್ಯಾಂಕರಿನಲ್ಲಿ ತರಿಸಿದ್ದು ಎಂದ. ಒಳ್ಳೆಯದಾಯಿತು ಎಂದೆ. ಗೋಡೆ ಚಂದ ಆಗುತ್ತಿದೆ... ಅದರಲ್ಲಿ ಚಿಕ್ಕಮ್ಮ ಕಾದ ಸುಣ್ಣ ಒಂದು ಬೆರಳಿನಷ್ಟೂ ಇಲ್ಲ.