ಬಿಲ್ ಕಲೆಕ್ಟರ ಬಾಮೈದ

ಮಧುಗಿರಿ ಬೆಟ್ಟ ಹತ್ತಲು ಬರುವವರಿಗೆ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡುತ್ತೇನೆ. ಅದು ಗೊತ್ತಾಗಿ ಪುರಸಭೆಯ ಬಿಲ್ ಕಲೆಕ್ಟರು ಮನೆಗೇ ಬಂದರು. ನಾನು ಕೊಟ್ಟ ಕಾಫಿ ಕುಡಿಯುತ್ತಲೇ ಹೇಳಿದರು: "ದುಡ್ಡು ಇಸ್ಕೊಂಡು ಜನ ಇಳಿಸ್ಕೊಂಡ್ರೆ ಅದು ಮನೆಯಲ್ಲ ಕಣಮ್ಮ, ಲಾಡ್ಜು. ಇನ್ಮೇಲೆ ಕಮರ್ಷಿಯಲ್ ಕಂದಾಯ."

"ಕಟ್ತೀನಿ ಸಾರ್. ಹಿಂದ್ಗಡೆ ಚರಂಡಿ ಕಟ್ಕೊಂಡು ನಾರ್ತೈತೆ, ಯಾವಾಗ ತೆಗೆಸ್ತೀರಾ?"

"ಅದು ನನ್ನ ಕೆಲ್ಸ ಅಲ್ಲ."

ಕಂದಾಯ ಕಟ್ಟಿದೆ. ಚರಂಡಿಗಾಗಿ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದೆ. ಯಾರೂ ಬರಲಿಲ್ಲ. ಕೊನೆಗೆ ಬಂದವರು ಅದೇ ಬಿಲ್ ಕಲೆಕ್ಟರು, ಹಲ್ಲು ಕಿರಿದುಕೊಂಡು.

"ಶನಿವಾರ ನನ್ನ ಬಾಮೈದ ಬೆಟ್ಟ ಹತ್ತೋಕೆ ಬರ್ತಾವ್ನೆ. ಒಂದು ರೂಮ್ ಕೊಟ್ಬುಡಿ. ನಾವು ನಾವೇ ಅಲ್ವಾ, ಬಾಡಿಗೆ ಗೀಡಿಗೆ ಅನ್ಬೇಡಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಬೇರೆಯೋರು ಬಂದ್ರೆ ಲಾಡ್ಜು, ನಿಮ್ ಬಾಮೈದ ಬಂದ್ರೆ ಮನೆನಾ ಸಾರ್?" ಎಂದೆ. ಅವರು ನಕ್ಕರು. ನಕ್ಕಿದ್ದಕ್ಕೆ ಇನ್ನೂ ಉರಿಯಿತು. ಆದರೂ ಇಲ್ಲ ಎನ್ನಲಿಲ್ಲ. ಚರಂಡಿ ಕಡೆ ಕಿಟಕಿ ಇರುವ ಕೋಣೆಯನ್ನೇ ಕೊಟ್ಟೆ.

ಭಾನುವಾರ ಬೆಳಿಗ್ಗೆ ಆ ಬಾಮೈದ ಮುಖವೆಲ್ಲ ದದ್ದು ಎಬ್ಬಿಸಿಕೊಂಡು ಹೊರಗೆ ಬಂದ. "ಏನ್ರೀ ಇದು, ಇಷ್ಟು ಸೊಳ್ಳೆ?" ಎಂದು ನನ್ನ ಮೇಲೇ ರೇಗಿದ.

"ಅದು ನನ್ನ ಕೆಲ್ಸ ಅಲ್ಲಪ್ಪ, ನಿಮ್ ಭಾವಂಗೆ ಹೇಳು," ಎಂದೆ.

ಅಲ್ಲೇ ನಿಂತು ಫೋನ್ ಮಾಡಿದ. ರಜೆಯ ದಿನ ಅನ್ನುವುದನ್ನೂ ನೋಡದೆ, ಮಧ್ಯಾಹ್ನದೊಳಗೆ ಆಳುಗಳು ಬಂದು ಚರಂಡಿ ಬಳಿದು ಹೋದರು. ನಾನು ಕಟ್ಟಿದ ಕಂದಾಯಕ್ಕೆ ಆಗದ ಕೆಲಸ ಅವನ ತುರಿಕೆಗೆ ಆಯಿತು.

ಈಗ ನಮ್ಮ ಬೀದಿ ದೀಪ ಕೆಟ್ಟಿದೆ. ಬಿಲ್ ಕಲೆಕ್ಟರಿಗೆ ಇನ್ನೊಬ್ಬ ಬಾಮೈದ ಇದ್ದಾನಾ ಅಂತ ವಿಚಾರಿಸುತ್ತಿದ್ದೇನೆ.